ಜೊತೆಗೊಂದು ಹೂವು ಫ್ರೀ

ರೊಮೇನಿಯಾ ಪಟ್ಟಿಯ ತಳದಲ್ಲಿದೆ ಎಂಬ ಅವಮಾನವನ್ನು ತಿಬೇರಿಯು ಒಬ್ಬನೇ ಹೊತ್ತುಕೊಂಡು ಮನೆಗೆ ಬಂದ. ಬ್ರಯಿಲಾ ಊರಿನ ವರ್ತಕರ ಸಂಘದವರು ಒಂದು ಉಪನ್ಯಾಸ ಇಟ್ಟಿದ್ದರು. ಯಾವ ದೇಶದ ವ್ಯಾಪಾರಿಗಳು ಎಐಯನ್ನು ಎಷ್ಟು ಬಳಸುತ್ತಾರೆ ಎಂಬುದು ವಿಷಯ. ಹಡಗುಕಟ್ಟೆಯಲ್ಲಿ ಮೂವತ್ತೆಂಟು ವರ್ಷ ವೆಲ್ಡಿಂಗ್ ಮಾಡಿ ನಿವೃತ್ತನಾದವನಿಗೆ ಅಲ್ಲೇನು ಕೆಲಸ ಎಂದು ಕೇಳಬೇಡಿ. ಹೂವಿನ ಅಂಗಡಿ ಇದ್ದದ್ದು ಹೆಂಡತಿ ರೋದಿಕಾಳದು, ಆಹ್ವಾನ ಬಂದದ್ದೂ ಅವಳಿಗೇ. ಅವಳಿಗೆ ಪುರುಸೊತ್ತಿರಲಿಲ್ಲ. ಇವನಿಗೆ ಪುರುಸೊತ್ತು ಬಿಟ್ಟು ಬೇರೇನೂ ಇರಲಿಲ್ಲ.

"ಎಸ್ತೋನಿಯಾದವರು ಕೂತಲ್ಲೇ ಎಲ್ಲಾ ಮುಗಿಸ್ತಾರಂತೆ ಕಣೇ," ಎಂದು ಕೋಟು ಬಿಚ್ಚುವ ಮೊದಲೇ ಶುರುಮಾಡಿದ. "ಜರ್ಮನಿಯವರು ಮೂರು ವರ್ಷ ಮೀಟಿಂಗ್ ಮಾಡ್ತಾರಂತೆ, ಆದ್ರೆ ಒಂದ್ಸಲ ಶುರು ಮಾಡಿದ್ರೆ ನಿಲ್ಸಲ್ವಂತೆ. ಇಟಲಿಯವರು ಮೊದಲು ಕೊಂಡ್ಕೊಂಡು ಆಮೇಲೆ ಯಾಕೆ ಅಂತ ಕೇಳ್ತಾರಂತೆ. ನಾವು?"

"ನಾವೇನು?" ರೋದಿಕಾ ಒಲೆಯ ಮೇಲಿನ ಸೂಪಿನಿಂದ ಕಣ್ಣು ತೆಗೆಯಲಿಲ್ಲ.

"ನಾವು ತಳದಲ್ಲಿ. ನಿನ್ನಂಥವರಿಂದ."

"ಇಡೀ ದೇಶಾನ ನಾನೊಬ್ಬಳೇ ಕೆಳಗೆ ಎಳೀತಿದ್ದೀನಾ? ಅಷ್ಟು ಬಲ ಇದ್ದಿದ್ರೆ ಮೊದಲು ನಿನ್ನನ್ನ ಸೋಫಾದಿಂದ ಎಬ್ಬಿಸ್ತಿದ್ದೆ ಮಾರಾಯ."

ತಿಬೇರಿಯುವಿಗೆ ನಿಜವಾಗಿ ಬೇಕಿದ್ದದ್ದು ದೇಶೋದ್ಧಾರವಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ನಿವೃತ್ತನಾದ ಆರು ತಿಂಗಳಿಂದ ಅವನು ಕಾಯುತ್ತಿದ್ದದ್ದು ಒಂದೇ ಮಾತಿಗೆ: "ನೀನಿದ್ದದ್ದು ಒಳ್ಳೇದಾಯ್ತು." ಹಡಗುಕಟ್ಟೆಯಲ್ಲಿ ಅದನ್ನು ದಿನಕ್ಕೆ ಹತ್ತು ಜನ ಹೇಳುತ್ತಿದ್ದರು. ಮನೆಯಲ್ಲಿ ಹೇಳಬೇಕಾದವಳಿಗೆ ಅದು ಹೊಳೆದಿರಲಿಲ್ಲ, ಬಾಯಿಬಿಟ್ಟು ಕೇಳುವ ಧೈರ್ಯ ಇವನಿಗಿರಲಿಲ್ಲ.

ಹಾಗಾಗಿ ವಾರದೊಳಗೆ ಅಂಗಡಿಗೆ ಕೃತಕ ಬುದ್ಧಿಯ ಪ್ರವೇಶೋತ್ಸವ ನಡೆಯಿತು. ಯಾವುದೋ ದೂರದೇಶದಲ್ಲಿ ತಯಾರಾದ ಆ ಪ್ರೋಗ್ರಾಮಿಗೆ ರೋದಿಕಾ ಮೊದಲ ದಿನವೇ 'ಗಿಳಿ' ಎಂದು ನಾಮಕರಣ ಮಾಡಿದಳು. ಗಿಳಿ ವ್ಯಾಪಾರದ ಬಗ್ಗೆ ಇನ್ನೂರ ಹದಿನಾಲ್ಕು ಪ್ರಶ್ನೆ ಕೇಳಿತು. ತಿಬೇರಿಯು ಹೆಂಡತಿಯ ಮೂವತ್ತು ವರ್ಷದ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಒಂದೊಂದಕ್ಕೂ ಭಕ್ತಿಯಿಂದ ಉತ್ತರಿಸಿದ. ಯಾವ ಮನೆಯಾಕೆಗೆ ಲಿಲ್ಲಿಯ ವಾಸನೆಗೆ ತಲೆನೋವು, ಯಾವ ಡಾಕ್ಟರು ಇಬ್ಬರು ಹೆಂಗಸರಿಗೆ ಹೂ ಕಳಿಸುತ್ತಾರೆ (ವಿಳಾಸ ಅದಲುಬದಲಾಗಕೂಡದು), ಎಲ್ಲವನ್ನೂ ಬರೆದ. ಬರೆಯದೆ ಉಳಿದದ್ದು ಒಂದೇ. ಬದುಕಿರುವವರಿಗೆ ಹೂವು ಬೆಸ ಸಂಖ್ಯೆಯಲ್ಲಿ, ಸತ್ತವರಿಗೆ ಸಮ ಸಂಖ್ಯೆಯಲ್ಲಿ. ಅದು ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ನೀರು ಒದ್ದೆ ಎಂದು ಯಾರಾದರೂ ಬರೆದಿಡುತ್ತಾರೆಯೇ? ಬ್ರಯಿಲಾದ ಮಕ್ಕಳಿಗೂ ಗೊತ್ತಿರುವ ವಿಷಯ ಅದು. ರೋದಿಕಾಳ ಬೆರಳುಗಳಂತೂ ಹನ್ನೊಂದಕ್ಕೆ ತಾವಾಗಿಯೇ ನಿಲ್ಲುತ್ತಿದ್ದವು.

ಮಾರ್ಚ್ ಎಂಟು ಮಹಿಳಾ ದಿನ. ಊರಿನ ಗಂಡಸರೆಲ್ಲ ವರ್ಷದ ಪಾಪವನ್ನು ಹೂವಿನಲ್ಲಿ ತೊಳೆದುಕೊಳ್ಳುವ ದಿನ. ತಿಬೇರಿಯುವಿಗೆ ಮಹದುಪಾಯ ಹೊಳೆಯಿತು.

"ಮೂವತ್ತು ವರ್ಷ ಆ ದಿನ ನಿಂತೇ ಕಳೆದಿದ್ದೀಯ. ಈ ಸಲ ತುಲ್ಚಾಗೆ ತಂಗಿ ಮನೆಗೆ ಹೋಗಿ ಕಾಲು ಚಾಚಿ ಕೂತ್ಕೋ. ನಾನೂ ಗಿಳೀನೂ ನೋಡ್ಕೋತೀವಿ."

"ನೀವಿಬ್ರೂನಾ? ಅದಕ್ಕೇ ಭಯ."

"ಹೂಗುಚ್ಛ ಎಲ್ಲಾ ನೀನೇ ಕಟ್ಟಿಟ್ಟು ಹೋಗು. ಮನೆಮನೆಗೆ ಕೊಟ್ಟು ಬರೋದು ಮಾತ್ರ ನಮ್ಮ ಕೆಲಸ. ಅದೂ ಬರಲ್ವಾ ನಂಗೆ?"

ರೋದಿಕಾ ಅವನ ಮುಖ ನೋಡಿದಳು. ಆ ಮುಖದಲ್ಲಿದ್ದ ಆಸೆಗೆ ಇಲ್ಲ ಅನ್ನಲಾರದೆ ಒಪ್ಪಿಕೊಂಡಳು. (ಅಲ್ಲೇ ಇಲ್ಲ ಅಂದಿದ್ದರೆ! ಆದರೆ ಮೂವತ್ತೊಂದು ವರ್ಷ ಸಂಸಾರ ಮಾಡಿದವರಿಗೆ ಅಂಥ ಜಾಗದಲ್ಲೇ ಮನಸ್ಸು ಕರಗುವುದು.) ಏಳನೇ ತಾರೀಕು ಅರವತ್ತೊಂದು ಹೂಗುಚ್ಛ ಕಟ್ಟಿಟ್ಟು, "ಅಂಗಡಿ ಹೆಸರು ಕೆಡಿಸಿದ್ರೆ ನೋಡು, ಆಮೇಲೆ ಬಾಲ್ಕನಿಯೇ ನಿನ್ನ ಮನೆ," ಎಂದು ಬಸ್ಸು ಹತ್ತಿದಳು.

ಎಂಟರ ಬೆಳಿಗ್ಗೆ ತಿಬೇರಿಯು ಗಡ್ಡ ಹೆರೆದು, ಟೈ ಕಟ್ಟಿ, ಅಂಗಡಿ ತೆರೆದ. ಗಿಳಿ ಪರದೆಯ ಮೇಲೆ ಉಲಿಯಿತು: "ಗ್ರಾಹಕರನ್ನು ಖುಷಿಪಡಿಸಲು ಒಂದು ಸಲಹೆ. ಪ್ರತಿ ಹೂಗುಚ್ಛಕ್ಕೂ ಅಂಗಡಿಯ ಕಡೆಯಿಂದ ಒಂದು ಹೂವು ಉಚಿತ. ಒಪ್ಪಿಗೆಯೇ?"

ಎಂಥ ದೊಡ್ಡ ಮನಸ್ಸು ಎಂದುಕೊಂಡ ತಿಬೇರಿಯು. ಎಸ್ತೋನಿಯಾದವರೂ ಇಷ್ಟು ಉದಾರಿಗಳಿರಲಾರರು! ಒಪ್ಪಿಗೆ ಒತ್ತಿದ. ಬಕೆಟ್ಟಿನಲ್ಲಿದ್ದ ಕೆಂಪು ಕಾರ್ನೇಷನ್ ಹೂಗಳನ್ನು ಒಂದೊಂದಾಗಿ ಎತ್ತಿ, ಅರವತ್ತೊಂದು ಹೂಗುಚ್ಛಕ್ಕೂ ತನ್ನ ಕೈಯಾರೆ ಸಿಕ್ಕಿಸಿ ಮನೆಮನೆಗೆ ತಲುಪಿಸಿದ. ಹೆಂಡತಿಗೆಂದು ಗುಟ್ಟಾಗಿ ತಾನೇ ಕಟ್ಟಿದ್ದ ಮೂವತ್ತೊಂದು ಗುಲಾಬಿಗೂ, ಪಕ್ಷಪಾತವಿಲ್ಲದೆ, ಒಂದನ್ನು ಸಿಕ್ಕಿಸಿ ತುಲ್ಚಾದ ಬಸ್ಸಿನ ಡ್ರೈವರ್ ಕೈಗೆ ಕೊಟ್ಟ. ಗುಚ್ಛದೊಳಗಿನ ಹೂವು ಬೇರೆ, ಉಡುಗೊರೆಯ ಹೂವು ಬೇರೆ ಎಂಬುದು ಅವನ ತಲೆಯಲ್ಲಿದ್ದ ಗಣಿತ. ಪಾಪ, ಎರಡನ್ನೂ ಕೂಡಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ.

ಹತ್ತೂವರೆಗೆ ಮೊದಲ ಫೋನು ಬಂತು. ಮೂರನೇ ಬೀದಿಯ ಪೌಲಿನಾ.

"ತಿಬೇರಿಯು, ನಾನು ಯಾವಾಗ ಸತ್ತೆ ಅಂತ ಸ್ವಲ್ಪ ಹೇಳ್ತೀಯಾ?"

"ಅಯ್ಯೋ, ಏನಮ್ಮಾ ಇದು?"

"ಹನ್ನೆರಡು ಹೂ ಕಣಯ್ಯಾ! ಹನ್ನೆರಡು! ನಮ್ಮ ಅತ್ತೆಗೂ ಹನ್ನೆರಡು. ಅವರು ಆಗಲೇ ಮಲಗಿ ಎದೆ ಮೇಲೆ ಕೈ ಕಟ್ಕೊಂಡಿದ್ದಾರೆ!"

ತಿಬೇರಿಯು ಹನ್ನೊಂದಕ್ಕೆ ಒಂದು ಕೂಡಿದ. ಹದಿಮೂರು ಬಂದರೂ ಸಾಕಿತ್ತು, ಆದರೆ ಎಷ್ಟು ಸಲ ಕೂಡಿದರೂ ಹನ್ನೆರಡೇ ಬಂತು. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. ಮಧ್ಯಾಹ್ನದೊಳಗೆ ಐವತ್ತೆಂಟು ಫೋನು ಬಂದವು. ಗಿಳಿ ಮಾತ್ರ ಆನಂದದಲ್ಲಿತ್ತು: "ಗ್ರಾಹಕರ ಸ್ಪಂದನೆ ಅಭೂತಪೂರ್ವ!" ಅಷ್ಟಕ್ಕೇ ಬಿಡಲಿಲ್ಲ. ಬೈದವರಿಗೆಲ್ಲ ತಾನಾಗಿಯೇ ಕ್ಷಮಾಪಣೆಯ ಪತ್ರ ಕಳಿಸಿ, ಕಾಣಿಕೆಯಾಗಿ ಇನ್ನೂ ಆರಾರು ಹೂವು ಕೊಡುವುದಾಗಿ ಮಾತು ಕೊಟ್ಟಿತು. ತಿಬೇರಿಯು ಕಂಪ್ಯೂಟರಿನ ವೈರು ಕಿತ್ತ.

ಭಾನುವಾರ ಬೆಳಿಗ್ಗೆ ರೋದಿಕಾ ಬಂದಳು. ಕೈಯಲ್ಲಿ ಗುಲಾಬಿಯ ಗುಚ್ಛ. ಅವಳು ಕೂಗಾಡುತ್ತಾಳೆಂದು ಬಾಲ್ಕನಿಯಲ್ಲಿ ಆಗಲೇ ಹಾಸಿಗೆ ಹಾಸಿದ್ದ ತಿಬೇರಿಯುವಿಗೆ ಅವಳು ಕೂಗದೇ ಇದ್ದದ್ದು ನೋಡಿ ಇನ್ನೂ ಹೆದರಿಕೆಯಾಯಿತು.

"ಮೂವತ್ತು ವರ್ಷ ಮಾರ್ಚ್ ಎಂಟರಂದು ನನ್ನ ಕಾಲು ನೋಯ್ತಿತ್ತು," ಅಂದಳು. "ಈ ಸಲ ಕಾಲು ಮಾತ್ರ ನೋಯ್ಲಿಲ್ಲ. ಬೇರೆ ಎಲ್ಲಾ ನೋಯ್ತು. ಆ ದಿನ ಅಂಗಡೀಲಿ ನಿಲ್ಲೋದು ನಂಗೆ ಇಷ್ಟ ಕಣೋ. ನೀನು ಕೇಳಲೇ ಇಲ್ಲ."

ತಿಬೇರಿಯು ಕೇಳಿದ್ದೆ ಎಂದುಕೊಂಡಿದ್ದ. ನೆನಪು ಮಾಡಿಕೊಂಡರೆ, ಹೇಳಿದ್ದ ಅಷ್ಟೆ.

"ಏನು ಮಾಡ್ಲಿ ಈಗ?"

"ಬಕೆಟ್ ತಗೋ. ಮನೆಮನೆಗೂ ಹೋಗು. ಬಾಗಿಲು ತಟ್ಟಿ, ತಪ್ಪಾಯ್ತು ಅನ್ನು. ಒಂದೊಂದು ಹೂ ವಾಪಸ್ ಇಸ್ಕೊಂಡು ಬಾ."

ಡಿಜಿಟಲ್ ಯುಗದ ಹರಿಕಾರ ಹೀಗೆ ಬಕೆಟ್ ಹಿಡಿದು ಕಾಲ್ನಡಿಗೆಯಲ್ಲಿ ಹೊರಟ. ಎರಡು ದಿನ ತಿರುಗಿದ. ಪೌಲಿನಾಳ ಅತ್ತೆ ಹೂವು ಕೊಟ್ಟ ಮೇಲೆ ಎದ್ದು ಕೂತು ಸೂಪು ಕೇಳಿದರಂತೆ. ಒಬ್ಬಾಕೆ ಮೂರನೇ ಮಹಡಿಯಿಂದ ಹೂವನ್ನು ತಲೆಯ ಮೇಲೆಯೇ ಎಸೆದಳು. ಡಾಕ್ಟರ ಮನೆಯಲ್ಲಿ, "ಎರಡನೆಯವಳ ಹತ್ರಾನೂ ಇಸ್ಕೊಂಡ್ರಾ?" ಎಂದು ಹೆಂಡತಿ ಕೇಳಿದಾಗ ಇವನು ಮೆಟ್ಟಿಲು ನೋಡದೆ ಇಳಿದ.

ಕೊನೆಯ ಮನೆ ಅಗ್ಲಾಯಾ ಅಜ್ಜಿಯದು. ಪ್ರತಿ ಶನಿವಾರ ಗಂಡನ ಸಮಾಧಿಗೆಂದು ಹನ್ನೆರಡು ಹೂವು ತರಿಸುವವಳು. ಅವಳಿಗೆ ಹೋಗಿದ್ದದ್ದು ಹದಿಮೂರು. ಹೂಗಳು ಸಮಾಧಿಗೆ ಹೋಗದೆ ಊಟದ ಮೇಜಿನ ಮೇಲಿದ್ದವು.

"ಎರಡು ಸಲ ಎಣಿಸಿದೆ ಮಗಾ," ಅಂದಳು ಅಜ್ಜಿ. "ಹದಿಮೂರು. ಅಂದ್ರೆ ಬದುಕಿರೋರಿಗೆ. ಈ ಮನೇಲಿ ಬದುಕಿರೋಳು ನಾನೊಬ್ಬಳೇ ತಾನೆ? ನಲವತ್ತು ವರ್ಷದಲ್ಲಿ ಅವರು ನಂಗೆ ಒಂದು ಹೂ ತಂದವರಲ್ಲ. ಈಗಲಾದ್ರೂ ನೆನಪಾಯ್ತಲ್ಲ ಅಂದ್ಕೊಂಡೆ." ಆಮೇಲೆ ಬಕೆಟ್ಟು ಕಂಡು ಅವಳ ಮುಖ ಸಣ್ಣದಾಯಿತು. "ತಪ್ಪಿ ಬಂದದ್ದಾ?"

ತಿಬೇರಿಯು ಬಕೆಟ್ಟನ್ನು ಬೆನ್ನ ಹಿಂದೆ ಸರಿಸಿದ. "ಇಲ್ಲಜ್ಜಿ. ಸರಿಯಾಗೇ ಬಂದಿದೆ."

ಮನೆಗೆ ಬಂದಾಗ ರೋದಿಕಾ ಬಕೆಟ್ಟಿಗೆ ಕಣ್ಣು ಹಾಯಿಸಿದಳು. ಎಣಿಸಬೇಕಾದ ಅಗತ್ಯ ಅವಳಿಗಿಲ್ಲ. "ಅರವತ್ತು. ಒಂದು ಮನೆ ಬಿಟ್ಟಿದ್ದೀಯ."

ಅವನು ಅಜ್ಜಿಯ ಕಥೆ ಹೇಳಿದ. ಅವಳು ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ಅವಳ ಫೋನು ಕಿಣಿ ಎಂದಿತು. ವೈರು ಕಿತ್ತರೂ ಗಿಳಿ ಸತ್ತಿರಲಿಲ್ಲ: "ನಿಮಗೆ ಬಂದ ಗುಲಾಬಿಗಳಿಗಾಗಿ, ತಿಬೇರಿಯು ಅವರ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?"

ರೋದಿಕಾ ಒತ್ತಿದಳು. ತಿಬೇರಿಯು ಭುಜದ ಮೇಲಿಂದ ಇಣುಕಿದ. ಐದಕ್ಕೆ ನಾಲ್ಕು! ಇಷ್ಟೆಲ್ಲ ಆದ ಮೇಲೂ ನಾಲ್ಕು! ಆರು ತಿಂಗಳಿಂದ ಕಾಯುತ್ತಿದ್ದ ಮಾತು ಕೊನೆಗೂ ಬಂತೆಂದು ಅವನ ಕಣ್ಣು ತುಂಬಿತು.

"ನಾಲ್ಕು ಕೊಟ್ಯಾ? ನಿಜವಾಗ್ಲೂ ನಾಲ್ಕಾ?"

"ಎಣಿಸಿ ನೋಡು," ಅಂದಳು ರೋದಿಕಾ.

ಅವನು ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಬಕೆಟ್ಟು ನೋಡಿದ, ಅರವತ್ತು. ಹೆಂಡತಿಯ ಮುಖ ನೋಡಿದ. ಎರಡೂ ಸಮ ಸಂಖ್ಯೆ, ಸತ್ತವರ ಲೆಕ್ಕ!

ರೋದಿಕಾ ತನ್ನ ಗುಲಾಬಿಗಳ ನಡುವಿನಿಂದ ಆ ಕೆಂಪು ಕಾರ್ನೇಷನ್ ಕಿತ್ತು ಬಕೆಟ್ಟಿಗೆ ಹಾಕಿದಳು.

"ಅರವತ್ತೊಂದು. ಸದ್ಯಕ್ಕೆ ಬದುಕಿಕೋ. ನಾಳೆ ಆರಕ್ಕೆ ಎದ್ದು ಅಂಗಡಿಗೆ ಬಾ, ಮುಳ್ಳು ತೆಗೆಯೋದು ಹೇಳಿಕೊಡ್ತೀನಿ."

"ಮತ್ತೆ ಗಿಳಿ?"

"ಅದಕ್ಕೂ ಹೇಳಿಕೊಡೋಣ. ಮೊದಲು ನೀನು ಕಲಿ."