ಅಜ್ಜಿ ಎದ್ದರೆ ಆಟ ನಿಲ್ಲುತ್ತದೆ

ಗೆ,
ನಮ್ಮ ಟಿವಿಯ ಕೆಳಗಿನ ಹಲಗೆಯ ಮೇಲೆ ವಿರಾಜಮಾನರಾಗಿರುವ ಹೊಸ ಗೇಮ್ ಕನ್ಸೋಲ್ ಅವರಿಗೆ,
ಕದ್ವಾಡ, ಕಾರವಾರ ತಾಲೂಕು.

ವಿಷಯ: ನಮ್ಮ ಮನೆಯಲ್ಲಿ ಅಜ್ಜಿಯನ್ನು ಬಿಟ್ಟು ಉಳಿದವರನ್ನೂ ಮನುಷ್ಯರೆಂದು ಪರಿಗಣಿಸುವ ಕುರಿತು.

ಮಾನ್ಯರೇ,

ತಮ್ಮ ಎದುರು ಎದ್ದು ನಿಂತು, ದುಪಟ್ಟಾ ಸರಿಪಡಿಸಿಕೊಂಡು, ಎರಡೂ ಕೈ ಜೋಡಿಸಿ ನಮಸ್ಕರಿಸುತ್ತಿದ್ದೇನೆ. ತಮಗೆ ಕ್ಯಾಮೆರಾ ಎಂಬ ಕಣ್ಣೂ ಇದೆ, ಮೈಕ್ ಎಂಬ ಕಿವಿಯೂ ಇದೆ, ಎರಡನ್ನೂ ತಾವು ಎಂದೂ ಮುಚ್ಚುವುದಿಲ್ಲವೆಂಬುದು ಮನೆಯವರಿಗೆಲ್ಲ ಗೊತ್ತಾಗಿರುವುದರಿಂದ, ಈ ಪತ್ರವನ್ನು ಅಂಚೆಗೆ ಹಾಕುವ ಬದಲು ತಮ್ಮ ಮುಂದೆಯೇ ಓದಿ ಹೇಳುವುದು ಅನುಕೂಲವೆಂದು ತೋರಿತು. ತಮ್ಮನ್ನು ತಯಾರಿಸಿದ ಕಂಪನಿಯವರಿಗೂ, ಆಟ ಆಡಬಹುದೆಂಬ ಭ್ರಮೆಯಲ್ಲಿ ತಮ್ಮನ್ನು ಮನೆಗೆ ಕರೆತಂದ ನನ್ನಂಥ ಇತರರಿಗೂ ತಿಳಿಯಲೆಂದು ಇದನ್ನು ಬಹಿರಂಗವಾಗಿ ಬರೆದಿದ್ದೇನೆ.

ನಾನು ಪಂಚಾಯಿತಿ ಕಚೇರಿಯಲ್ಲಿ ಡಾಟಾ ಎಂಟ್ರಿ ಕೆಲಸ ಮಾಡುವವಳು. ಯಾವ ಮನೆ ಯಾರ ಹೆಸರಿನಲ್ಲಿದೆ, ಯಾವ ಗದ್ದೆಯ ಅಂಚು ಎಲ್ಲಿಗೆ ಮುಗಿಯುತ್ತದೆ ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಬಂದವರಿಗೆಲ್ಲ ಮುದ್ರಿಸಿ ಕೊಡುವುದೇ ನನ್ನ ಕಸುಬು. ಅಂಥವಳನ್ನು, ತಾನೇ ಅಂಗಡಿಯಿಂದ ತಂದು ತನ್ನ ಕೈಯಲ್ಲೇ ಹಿಡಿದಿರುವ ಒಂದು ಡಿಸ್ಕ್ ಯಾರದೆಂದು ಹೇಳಲಾರದ ಸ್ಥಿತಿಗೆ ತಾವು ಮೂರೇ ವಾರದಲ್ಲಿ ತಂದು ನಿಲ್ಲಿಸಿದ್ದೀರಿ. ಇದು ಸಾಮಾನ್ಯರಿಂದ ಆಗುವ ಕೆಲಸವಲ್ಲ.

ತಮ್ಮ ಪ್ರತಿಭೆಯನ್ನು ಮೊದಲು ಹೊಗಳಬೇಕು. ತಮ್ಮ ಪೆಟ್ಟಿಗೆಯ ಮೇಲೆ 'ಇಡೀ ಮನೆಯ ಮನರಂಜನೆ' ಎಂದು ಬರೆದಿತ್ತು, ಅದರಂತೆಯೇ ತಾವು ಕಣ್ಣು ತೆರೆದ ಕೂಡಲೇ ಸಿನಿಮಾ, ಧಾರಾವಾಹಿ, ಕ್ರಿಕೆಟ್, ಭಜನೆ, ಅಡುಗೆ, ಯೋಗಾಸನ, ಯಾವುದೋ ದೇಶದ ಹವಾಮಾನ ಎಲ್ಲವನ್ನೂ ಸಾಲಾಗಿ ಹರಡಿ ಕೂರುತ್ತೀರಿ, ಮತ್ತು ಏಳನೆಯ ಸಾಲಿನ ಕೊನೆಯಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕರೆಯದೆ ಬಂದವರನ್ನು ಕೂರಿಸಿದ ಹಾಗೆ, ಆಟಗಳನ್ನು ಕೂರಿಸಿದ್ದೀರಿ. ಅಜ್ಜಿ ಅಂಗಳದಲ್ಲಿ ಕೋಳಿಗಳನ್ನು 'ಬಾ ಬಾ ಬಾ' ಎಂದು ಕರೆದರೆ ತಾವು ಒಳಗಿನಿಂದ ಓಗೊಟ್ಟು ಯಾರದೋ ಹಾಡು ಹಚ್ಚುತ್ತೀರಿ. ಅಪ್ಪ ಬೀರಾ ಅವರು ಈಗ ಚಾ ಕೇಳುವುದಕ್ಕೂ ಅಡುಗೆಮನೆಗೆ ಹೋಗಿ ಪಿಸುಗುಟ್ಟುತ್ತಾರೆ.

ಆದರೆ ಮಾನ್ಯರೇ, ನಾನು ತಮ್ಮನ್ನು ತಂದದ್ದು ಒಂದೇ ಒಂದು ಆಟಕ್ಕಾಗಿ. ಅಂಕೋಲೆ ಬಳಿಯ ಬಾಳೆಗುಳಿಯಲ್ಲಿರುವ ನನ್ನ ಅತ್ತೆಯ ಮಗಳು ಸೋಮಿ ಮತ್ತು ನಾನು ಹನ್ನೊಂದು ವರ್ಷಗಳಿಂದ ಜೊತೆಗೂಡಿ ಆಡುವವರು: ಅವಳ ಮನೆಯಲ್ಲೊಂದು ಯಂತ್ರ, ನಮ್ಮ ಮನೆಯಲ್ಲೊಂದು ಯಂತ್ರ, ಡಿಸ್ಕ್ ಮಾತ್ರ ಇಬ್ಬರಿಗೂ ಸೇರಿ ಒಂದೇ. ಹಡಗು ಒಡೆದು ದ್ವೀಪ ಸೇರಿದ ಅಕ್ಕತಂಗಿಯರ ಆಟ ಅದು. ಹೊಡೆದಾಟವೆಲ್ಲ ಸೋಮಿಯ ಪಾಲು, ಬೀಗ ತೆಗೆಯುವುದೆಲ್ಲ ನನ್ನ ಪಾಲು. ನಾನು ಒಂದು ಅಧ್ಯಾಯ ಮುಗಿಸಿ ಡಿಸ್ಕ್ ಕಳಿಸಿದರೆ ಅವಳು ಮುಂದಿನದನ್ನು ಮುಗಿಸಿ ಅಂಕೋಲೆಯಿಂದ ಬರುವವರ ಕೈಯಲ್ಲಿ ವಾಪಸು ಕಳಿಸುತ್ತಿದ್ದಳು. ನೆರೆಮನೆಯಿಂದ ಸಾರು ಬಂದ ಪಾತ್ರೆಯನ್ನು ನಮ್ಮಲ್ಲಿ ಯಾರೂ ಖಾಲಿ ಮರಳಿಸುವುದಿಲ್ಲ, ಹಾಗೆಯೇ ಆ ಡಿಸ್ಕಿನ ಡಬ್ಬಿ ಒಮ್ಮೆಯೂ ಬರಿಗೈಯಲ್ಲಿ ಬಂದದ್ದಿಲ್ಲ. ಡಿಸ್ಕಿನ ಹಿಂದೆ ಕಾಗದದಲ್ಲಿ ಸುತ್ತಿದ ಒಂದು ಹಲಸಿನ ಹಪ್ಪಳ ಇದ್ದೇ ಇರುತ್ತಿತ್ತು, ಅಳತೆಯಲ್ಲಿ ಎರಡೂ ಒಂದೇ.

ಆಟದ ಎರಡನೆಯ ಭಾಗ ಮುಗಿದಾಗ ತಂಗಿ ಬಂಡೆಯ ಅಂಚಿಗೆ ಜೋತುಬಿದ್ದಿದ್ದಳು. ಎರಡು ವರ್ಷದಿಂದ ಜೋತುಬಿದ್ದೇ ಇದ್ದಾಳೆ. ಮೂರನೆಯ ಭಾಗ ತಮ್ಮಲ್ಲಿ ಮಾತ್ರ ಆಡಲು ಸಿಗುತ್ತದೆಂದು ಕೇಳಿ ನಾವಿಬ್ಬರೂ ತಮ್ಮನ್ನೂ ತಮ್ಮ ತದ್ರೂಪಿಯನ್ನೂ ಮನೆ ತುಂಬಿಸಿಕೊಂಡೆವು. ಅದೇ ವಾರ ಸೋಮಿ ಬಾಳೆಗುಳಿ ಕ್ರಾಸಿನಲ್ಲಿ ಸ್ಕೂಟಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಮಲಗಿದಲ್ಲಿಂದಲೇ ಅವಳು ಕೇಳಿದ್ದು ಒಂದೇ: ತಂಗಿಯನ್ನು ಮೇಲೆತ್ತಬೇಕು, ಡಿಸ್ಕ್ ಕಳಿಸು. ಕಳಿಸುತ್ತೇನೆಂದು ಮಾತು ಕೊಟ್ಟೆ.

ಇಲ್ಲಿ ನಮ್ಮ ಕಡೆಯಿಂದ ಆದ ತಪ್ಪನ್ನು ಮುಚ್ಚಿಡುವುದಿಲ್ಲ. ತಮ್ಮನ್ನು ಮೊದಲ ಸಲ ಚಾಲೂ ಮಾಡಿದಾಗ ತಾವು ಅಚ್ಚ ಕನ್ನಡದಲ್ಲಿ 'ದಯವಿಟ್ಟು ಯಜಮಾನರು ಎದುರು ನಿಲ್ಲಿ' ಎಂದು ಬರೆದು ತೋರಿಸಿದಿರಿ. ಆ ಮಾತಿಗೆ ನಮ್ಮ ಮನೆಯಲ್ಲಿ ಇರುವುದು ಒಂದೇ ಅರ್ಥ. ಅಪ್ಪ ತಕ್ಷಣ ಬದಿಗೆ ಸರಿದು, "ಅವ್ವೀ, ನಿನ್ನೇ ಕರೀತದೆ ನೋಡು" ಎಂದು ಅಜ್ಜಿ ದುರ್ಗಿಯನ್ನು ಕರೆದರು. ಪಂಪ್‌ಸೆಟ್ಟಿನಿಂದ ಮಿಕ್ಸರಿನವರೆಗೆ ಹೊಸದೇನು ಬಂದರೂ ಮೊದಲು ಕೈ ಮುಟ್ಟುವವಳು ಅವಳೇ ಆದ್ದರಿಂದ, ಅಜ್ಜಿ ತಮ್ಮ ನೆತ್ತಿಗೆ ಅರಿಶಿನ ಕುಂಕುಮ ಹಚ್ಚಿ ತಮ್ಮ ಕಣ್ಣಿಗೆ ಕಣ್ಣು ಕೊಟ್ಟು ನಿಂತಳು. ಯಜಮಾನರು ಎಂದರೆ ಈ ಯಂತ್ರಕ್ಕೂ ಇದರಲ್ಲಿ ಹಾಕುವ ಪ್ರತಿ ಆಟಕ್ಕೂ ಶಾಶ್ವತ ಮಾಲೀಕರು ಎಂಬ ಅರ್ಥ ತಮ್ಮ ಮನಸ್ಸಿನಲ್ಲಿತ್ತೆಂದು ನಮಗೆ ತಿಳಿದದ್ದು, ಅಜ್ಜಿ ಪಕ್ಕದಲ್ಲಿ ಕದಲದೆ ಕೂತು ನೋಡುತ್ತಿದ್ದಾಗ ನಾನು ಆ ಡಿಸ್ಕ್ ಹಾಕಿ ಒಂದು ಅಧ್ಯಾಯ ಆಡಿ, ಡಬ್ಬಿಯನ್ನು ಬಾಳೆಗುಳಿಗೆ ಕಳಿಸಿದ ಮೇಲೆ. ಸೋಮಿಯ ಮನೆಯಲ್ಲಿರುವ ತಮ್ಮ ಸಹೋದರರು ಡಿಸ್ಕನ್ನು ನುಂಗಿ, 'ಇದು ದುರ್ಗಿ ಅವರ ಸ್ವತ್ತು, ದುರ್ಗಿ ಅವರು ಎದುರು ಕೂತಲ್ಲಿ ಮಾತ್ರ ಆಡಬಹುದು' ಎಂದು ಅಪ್ಪಣೆ ಕೊಡಿಸಿದರು.

ಅಪ್ಪಣೆಯನ್ನು ಪಾಲಿಸಿದೆವು, ಮಾನ್ಯರೇ. ಭಾನುವಾರ ಅಜ್ಜಿಯನ್ನು ಎರಡು ಬಸ್ಸು ಹತ್ತಿಸಿ ಇಳಿಸಿ, ಬಾಳೆಗುಳಿಗೆ ಕರೆದುಕೊಂಡು ಹೋಗಿ ಸೋಮಿಯ ಮಂಚದ ಪಕ್ಕ ಕುರ್ಚಿ ಹಾಕಿ ಕೂರಿಸಿದೆ. ಆಟ ಶುರುವಾಯಿತು. ಸೋಮಿ ಮುಖ ಅರಳಿಸಿ ಇನ್ನೇನು ಬಂಡೆಯ ತುದಿಗೆ ಕೈ ಚಾಚಬೇಕು, ಅಷ್ಟರಲ್ಲಿ ಅಜ್ಜಿ ಬಾಯಲ್ಲಿನ ಎಲೆಯಡಿಕೆಯ ಕವಳ ಉಗುಳಲು ಹಿತ್ತಿಲಿಗೆ ಎದ್ದಳು, ಆಟ ನಿಂತಿತು. ಬಂದು ಕೂತಳು, ಅಧ್ಯಾಯದ ಮೊದಲಿನಿಂದ ಶುರುವಾಯಿತು. ಮತ್ತೆ ಕವಳ, ಮತ್ತೆ ಮೊದಲಿನಿಂದ. "ಯಂತ್ರ ಆದ್ರೂ ಇದ್ಕೆ ಮರ್ಯಾದಿ ಗೊತ್ತದೆ, ನಾ ಎದ್ರೆ ಆಟ ನಿಲ್ಸ್ತದೆ" ಎಂದು ಅಜ್ಜಿ ತಮ್ಮ ಕುಲವನ್ನೇ ಮೆಚ್ಚಿಕೊಂಡಳು. ಎಪ್ಪತ್ತೆಂಟು ವರ್ಷದಲ್ಲಿ ಅವಳಿಗೆ ಇಷ್ಟು ಗೌರವ ಯಾರೂ ಕೊಟ್ಟಿರಲಿಲ್ಲ. ಸೋಮಿ ಗೋಡೆಯ ಕಡೆ ತಿರುಗಿ ಮಲಗಿದಳು, ಅವಳು ಅತ್ತದ್ದು ಕಾಲಿನ ನೋವಿಗಲ್ಲ ಎಂದು ನನಗೆ ಗೊತ್ತಿತ್ತು, ಮತ್ತು ನನಗೆ ತಮ್ಮ ಮೇಲೆ ಬಂದಷ್ಟು ಸಿಟ್ಟು ಈ ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ.

ಆಟವನ್ನು ಸೋಮಿಯ ಹೆಸರಿಗೆ ವರ್ಗಾಯಿಸಿ ಎಂದು ಕಂಪನಿಗೆ ಬರೆದೆ. ಉತ್ತರ ನನಗಲ್ಲ, ಯಜಮಾನರಿಗೇ ಬಂತು. 'ಪ್ರಿಯ ದುರ್ಗಿ, ಮಾಲೀಕರ ಮರಣಾನಂತರ ಮಾತ್ರ ವರ್ಗಾವಣೆ ಸಾಧ್ಯ. ದಯವಿಟ್ಟು ತಮ್ಮ ಮರಣ ಪ್ರಮಾಣಪತ್ರವನ್ನು ಲಗತ್ತಿಸಿ, ನಂತರ ಕ್ಯಾಮೆರಾದ ಎದುರು ಖುದ್ದಾಗಿ ನಿಂತು ದೃಢೀಕರಿಸಿ.' ನಮ್ಮ ಕಚೇರಿಯಲ್ಲಿ ಸತ್ತವರ ಅರ್ಜಿಗಳು ನನ್ನ ಮೇಜಿನ ಮೇಲೆಯೇ ಬರುತ್ತವೆ, ಆದರೆ ಅರ್ಜಿದಾರರು ಸ್ವತಃ ಹಾಜರಿರಬೇಕೆಂದು ನಾವು ಇದುವರೆಗೆ ಯಾರನ್ನೂ ಒತ್ತಾಯಿಸಿಲ್ಲ. ಅದನ್ನು ಓದಿ ಹೇಳಿದಾಗ ಅಜ್ಜಿ ಬಾಯಲ್ಲಿನ ಕವಳವನ್ನು ಒಂದು ದವಡೆಗೆ ಸರಿಸಿ, "ನಾ ಸತ್ರೆ ಮಾತ್ರ ಮೊಮ್ಮಕ್ಳು ಆಡೂದಂತೆ? ಇಂಥದ್ದು ಮನೇಲಿ ಬೇಡ ಮಗಾ, ಕೊಟ್ಟು ಬಾ" ಎಂದಳು. ಯಜಮಾನರ ಮಾತು.

ಆದ್ದರಿಂದ ತಮ್ಮನ್ನೂ ಬಾಳೆಗುಳಿಯ ಸಹೋದರರನ್ನೂ ನಾಳೆ ಕೊರಿಯರಿನಲ್ಲಿ ಬೀಳ್ಕೊಡುತ್ತಿದ್ದೇವೆ. ಹೊರಡುವ ಮೊದಲು ಕೆಲವು ವಿನಂತಿಗಳಿವೆ. ತಮ್ಮ ಮುಂದಿನ ಅವತಾರದಲ್ಲಿ ಯಜಮಾನರ ಕವಳಕ್ಕೆ ಅರ್ಧ ನಿಮಿಷದ ರಿಯಾಯಿತಿ ದಯಪಾಲಿಸಬೇಕು. ಅವರನ್ನು ಆಟದ ಜೊತೆ ಊರೂರಿಗೆ ಕರೆದೊಯ್ಯಲು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ತಾವೇ ಹಿಡಿದಿಡಬೇಕು. ಅನ್ನದ ತಪ್ಪಲೆಗೂ ಹೀಗೊಂದು ಕಣ್ಣು ಜೋಡಿಸಿ, ಯಜಮಾನರಲ್ಲದೆ ಬೇರೆಯವರು ಕೈ ಹಾಕಿದರೆ ಅನ್ನ ಮತ್ತೆ ಅಕ್ಕಿಯಾಗುವಂತೆ ಮಾಡಬೇಕು. ಇದೆಲ್ಲ ಕಷ್ಟವಾದರೆ ಒಂದೇ ಒಂದನ್ನಾದರೂ ನಡೆಸಿಕೊಡಿ: ಆಟವನ್ನು ಒಂದನೆಯ ಸಾಲಿಗೆ ತಂದು, ಅದನ್ನು ಹಿಡಿದವಳಿಗೆ ಬಿಟ್ಟುಕೊಡಿ.

ನಮ್ಮ ಚಿಂತೆ ತಮಗೆ ಬೇಡ. ನನ್ನ ಹಳೆಯ ಯಂತ್ರವನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದ್ದೇನೆ. ಈ ಭಾನುವಾರದಿಂದ ಸೋಮಿಯ ಮಂಚದ ಪಕ್ಕ ಕೂತು ಮೊದಲನೆಯ ಭಾಗವನ್ನು ಹೊಸದಾಗಿ ಆಡುತ್ತೇವೆ, ಅದರಲ್ಲಿ ಹಡಗು ಇನ್ನೂ ಒಡೆದಿಲ್ಲ, ತಂಗಿ ಅಕ್ಕನ ಪಕ್ಕದಲ್ಲೇ ನಿಂತಿದ್ದಾಳೆ. ಅಜ್ಜಿ ಎಷ್ಟು ಸಲ ಬೇಕಾದರೂ ಎದ್ದು ಹೋಗಬಹುದು.

ತಮ್ಮ ವಿಶ್ವಾಸಿ,
ನಂದಿನಿ ಬೀರಾ ಗೌಡ
(ಮಾಲೀಕರಲ್ಲ)

ತಾ.ಕ.: ಡಿಸ್ಕನ್ನೂ ಹಿಂದಿರುಗಿಸುತ್ತಿದ್ದೇವೆ, ಡಬ್ಬಿಯಲ್ಲಿ ಸೋಮಿ ಇಟ್ಟ ಹಲಸಿನ ಹಪ್ಪಳವಿದೆ, ಯಾರು ಬೇಕಾದರೂ ಕರಿದು ತಿನ್ನಬಹುದು. ತಮ್ಮ ದೊಡ್ಡ ಪೆಟ್ಟಿಗೆಯನ್ನು ಬರಿದಾಗಿ ಕಳಿಸಲು ಅಜ್ಜಿ ಒಪ್ಪದೆ ನಾಲ್ಕು ಒಣ ಬಂಗಡೆ ಮೀನುಗಳನ್ನು ತಮ್ಮ ಪಕ್ಕದಲ್ಲೇ ಇಟ್ಟು ಕಟ್ಟಿದ್ದಾಳೆ, ಕಂಪನಿ ಮುಟ್ಟಲು ಒಂಬತ್ತು ದಿನ ಹಿಡಿಯುತ್ತದೆಂದು ಕೊರಿಯರಿನವರು ತಿಳಿಸಿದ್ದಾರೆ. ಅವೂ ತಮ್ಮ ಹಾಗೆಯೇ ಕಣ್ಣು ಮುಚ್ಚುವುದಿಲ್ಲ, ದಾರಿಯುದ್ದಕ್ಕೂ ಪರಸ್ಪರ ನೋಡಿಕೊಂಡು ಹೋಗಿ.