ಭೂತಗನ್ನಡಿಯ ಕೆಳಗೆ ನಾದಿನಿಯ ಓಲೆ

ವಜ್ರ ಗಣಿಯಲ್ಲಿ ಸಿಕ್ಕಿದ್ದೋ, ಲ್ಯಾಬಿನಲ್ಲಿ ಬೆಳೆಸಿದ್ದೋ ಎಂದು ತಿಳಿಯಲು ನಮ್ಮ ಕುಟುಂಬದವರು ಇನ್ನು ಅಂಗಡಿಯ ಮೆಟ್ಟಿಲು ಹತ್ತಬೇಕಿಲ್ಲ, ನಾನೇ ಹೇಳುತ್ತೇನೆ ಎಂದು ಒಂದು ಭಾನುವಾರ ಘೋಷಿಸಿಬಿಟ್ಟೆ! ಹೊಲಿಗೆ, ಸೈಕಲ್ಲು ಎಲ್ಲವನ್ನೂ ನಾನಾಗಿಯೇ ಕಲಿತವಳು. ವಜ್ರ ಯಾವ ಮಹಾ ವಿದ್ಯೆ? ಒಳಗೆ ಕಲೆಯಿದ್ದರೆ ಗಣಿಯದು, ಶುಭ್ರವಾಗಿದ್ದರೆ ಲ್ಯಾಬಿನದು ಎಂದು ಎಲ್ಲೋ ಓದಿದ್ದೆ. ಅಷ್ಟು ಸಾಕಾಯಿತು.

ಹಿಟ್ಟು ನಾದುತ್ತಿದ್ದ ಕೈಯಲ್ಲೇ ಭೂತಗನ್ನಡಿ ಹಿಡಿದೆ. ಮೊದಲು ಅತ್ತೆಯ ಉಂಗುರ. ಕಲೆ ಕಂಡಿತು!

"ಅಪ್ಪಟ ಗಣೀದು ಅತ್ತೆ!"

ಅತ್ತೆ ಆ ಒಂದು ಬೆರಳನ್ನೇ ಎತ್ತಿ ಹಿಡಿದುಕೊಂಡು ಮನೆಯೆಲ್ಲ ಓಡಾಡಿದರು. ಪಕ್ಕದ ಮನೆಯಾಕೆಯ ಪದಕದಲ್ಲೂ ಕಲೆ. ಆಕೆಯೂ ಧನ್ಯೆ!

ಅಷ್ಟರಲ್ಲಿ ನಾದಿನಿ ಮತ್ತು ಅವಳ ಗಂಡ, ಗಣಿತದ ಮೇಷ್ಟ್ರು, ಬಂದರು. ಬಂದವರ ಗೌರವಕ್ಕೆಂದು ಗಾಜನ್ನು ಚೆನ್ನಾಗಿ ಒರೆಸಿ ನಾದಿನಿಯ ವಜ್ರದ ಓಲೆ ನೋಡಿದೆ. ಮದುವೆಯಾದ ವರ್ಷ ಮೇಷ್ಟ್ರು ಕೊಡಿಸಿದ್ದು. ತೊಳೆದಿಟ್ಟ ಹಾಗೆ ಶುಭ್ರ!

"ಇವೆರಡೂ ಲ್ಯಾಬಿಂದು ಕಣಮ್ಮಾ."

"ಎರಡೂನಾ?" ನಾದಿನಿಯ ಮುಖ ಕೆಂಪೇರಿತು. "ಗಣೀದು ಅಂತ ಆಣೆ ಮಾಡಿ ಕೊಟ್ರಲ್ಲ ರೀ! ಇಷ್ಟು ವರ್ಷ ಸುಳ್ಳು ಹೇಳ್ಕೊಂಡು ಬಂದ್ರಾ?"

"ಸುಳ್ಳಾ? ನಾನಾ? ಪರೀಕ್ಷೇಲಿ ಅರ್ಧ ಅಂಕ ಸುಮ್ನೆ ಕೊಟ್ಟವನಲ್ಲ ನಾನು! ಲ್ಯಾಬಿಂದಾಗಿದ್ರೆ ಲ್ಯಾಬಿಂದು ಅಂತ ಹೇಳೇ ಕೊಡ್ತಿದ್ದೆ. ಅದೇನು ಕಳ್ಳಮಾಲಾ? ನಡಿ ಅಂಗಡಿಗೆ!"

"ಅಂಗಡಿ ಯಾಕೆ, ಬಿಡಿ..." ನಾದಿನಿ ಅದೇಕೋ ತಟ್ಟನೆ ಮೆತ್ತಗಾದಳು.

"ನಡಿ ಅಂದೆ!"

ಗಾಬರಿಯಿಂದ ಅತ್ತೆಯ ಉಂಗುರವನ್ನು ಮತ್ತೊಮ್ಮೆ ನೋಡಿದೆ. ಅದೂ ಶುಭ್ರ! ಆಗ ಕಂಡ ಕಲೆ ಗಾಜಿಗೆ ಅಂಟಿದ್ದ ಹಿಟ್ಟು! ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಚಪ್ಪಲಿ ಮೆಟ್ಟಿ ನಾದಿನಿಯನ್ನೂ ಕರೆದುಕೊಂಡು ಬೀದಿಗಿಳಿದಾಗಿತ್ತು. ನಾನೂ ನನ್ನವರೂ ಹಿಂದೆ ಓಡಿದೆವು. 'ದೇವರೇ, ನನ್ನ ಜಾಣತನ ಬೇಕಾದರೆ ವಾಪಸು ತಗೋ, ಇವರ ಸಂಸಾರ ಉಳಿಸು' ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

"ಗಣಿ ಕಲ್ಲಲ್ಲೂ ಶುಭ್ರವಾದವು ಇರ್ತವೆ ತಾಯಿ, ಲ್ಯಾಬಿನದರಲ್ಲೂ ಕಲೆ ಇರುತ್ತೆ. ಎರಡೂ ವಜ್ರಾನೇ. ಬರೀ ಗಾಜಲ್ಲಿ ನೋಡಿದ್ರೆ ಗೊತ್ತಾಗಲ್ಲ," ಎನ್ನುತ್ತಾ ಅಂಗಡಿಯವರು ಓಲೆಗಳನ್ನು ಯಂತ್ರದೊಳಗಿಟ್ಟರು.

ಒಂದು ಗಣಿಯದು. ಇನ್ನೊಂದು ಲ್ಯಾಬಿನದು!

ಮೇಷ್ಟ್ರ ಮುಖ ಬಿಳಿಚಿತು. "ಎರಡನ್ನೂ ಒಂದೇ ಡಬ್ಬೀಲಿ ತಂದೆ ಕಣೇ..." ಎಂದರು.

ನಾದಿನಿ ಸುಮ್ಮನಿದ್ದಿದ್ದರೆ ತಪ್ಪು ಅವರ ತಲೆಗೇ ಬರುತ್ತಿತ್ತು. ಅವಳು ಸುಮ್ಮನಿರಲಿಲ್ಲ.

"ನೀವು ತಂದಿದ್ದು ಸರಿಯಾಗೇ ಇತ್ತು ರೀ. ಒಂದರ ಕಲ್ಲು ಬಚ್ಚಲಲ್ಲಿ ಬಿದ್ದು ಹೋಯ್ತು. ನಿಮಗೆ ಹೇಳೋಕೆ ಭಯ. ಲ್ಯಾಬಿನ ಕಲ್ಲು ಕೂರಿಸ್ಕೊಂಡೆ. ಇವತ್ತು ಅತ್ತಿಗೆ ಎರಡೂ ಲ್ಯಾಬಿಂದು ಅಂದಾಗ, ನೀವು ಕೊಟ್ಟಿದ್ದೂ ಸುಳ್ಳೇ ಅನ್ನಿಸಿಬಿಡ್ತು..." ಎನ್ನುತ್ತಾ ಅತ್ತೇಬಿಟ್ಟಳು.

ಮೇಷ್ಟ್ರು ಓಲೆಗಳೆರಡನ್ನೂ ಅಂಗೈಯಲ್ಲಿ ಕೂಡಿಸಿ ಕುಲುಕಿದರು. "ಯಾವುದು ಯಾವುದು ಅಂತ ಈಗ ನನಗೂ ಗೊತ್ತಿಲ್ಲ. ಹಾಕ್ಕೋ. ಆದ್ರೆ ನನಗೆ ಹೆದರ್ಕೊಂಡು ಮಾತ್ರ ಇರಬೇಡ ಕಣೇ."

ಹೊರಗೆ ಬಂದ ಮೇಲೆ ನನ್ನವರು ನಿಧಾನವಾಗಿ ಕೇಳಿದರು. "ಇನ್ಮೇಲೆ ಯಾರಾದ್ರೂ ಕಲ್ಲು ತೋರಿಸಿದ್ರೆ ಏನಂತೀಯಾ?"

"ಬಹಳ ಚೆನ್ನಾಗಿದೆ ಅಂತೀನಿ."

"ನೋಡಿಯಾ?"

"ಕಣ್ಣು ಮುಚ್ಚಿ, ಕೈ ಮುಗಿದು!"