ಎರಡನೇ ಸಾಕ್ಷಿ

ಕಾಲೇಜಿನ ವಾರ್ಷಿಕ ಸಂಚಿಕೆಯ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಇಲ್ಲ. ವರ್ಷಕ್ಕೊಮ್ಮೆ ಹೊರಬರುವ ಆ ದಪ್ಪ ಪುಸ್ತಕದಲ್ಲಿ ಇರುವುದಾದರೂ ಏನು? ಓಟದಲ್ಲಿ ಗೆದ್ದವನ ಹಲ್ಲು, ಪ್ರೀತಿಯಲ್ಲಿ ಸೋತವನ ಕವನ, ಪ್ರಿನ್ಸಿಪಾಲರ ಕೋಟು. (ಕೋಟಿನೊಳಗೆ ಪ್ರಿನ್ಸಿಪಾಲರೂ ಇರುತ್ತಾರೆ.)

ಇಂಥ ಮಹಾಗ್ರಂಥಕ್ಕೆ ನನ್ನ ಮಗಳು ವರದಿಗಾರ್ತಿಯಾದಳು. ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಮನೆಯೊಳಗೇ ಠಳಾಯಿಸತೊಡಗಿದಳು. ‘ಗೇಟಿನಾಚೆಯ ಜನ’ ಎಂಬ ಪುಟಕ್ಕೆ ಆರಿಸಿದ್ದು ನನ್ನನ್ನೇ. ನನ್ನದು ಕಾಲೇಜಿನ ಎದುರು ಪಂಕ್ಚರ್ ಅಂಗಡಿ. ಗಿರಾಕಿಗಳ ಮುಂದೆ ನಾನು ಬೆಣ್ಣೆ. ಹುಡುಗರೆಲ್ಲ ನನ್ನನ್ನು ‘ಶಾಂತಣ್ಣ’ ಎಂದೇ ಕರೆಯುತ್ತಿದ್ದರು. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ಕಾಲೇಜಿನ ಪುಸ್ತಕದಲ್ಲಿ! “ಇದೆಲ್ಲ ಕೆಲಸ ಇಲ್ಲದವರ ಕೆಲಸ” ಎಂದು ಬಾಯಲ್ಲಿ ಅಂದೆ. ಒಳಗೊಳಗೆ ಟ್ಯೂಬಿನಂತೆ ಉಬ್ಬಿದೆ.

“ಬರ್ಕೋ. ತಾಳ್ಮೆನೇ ನನ್ನ ಬಂಡವಾಳ. ಸಿಟ್ಟು ನನ್ನ ಹತ್ರ ಸುಳಿಯಲ್ಲ.”

“ಹೌದೌದು, ನಿಮ್ಮನ್ನ ಕಂಡ್ರೆ ಅದಕ್ಕೂ ಭಯ” ಎಂದಳು ಅಡುಗೆಮನೆಯಿಂದ ಹೆಂಡತಿ.

“ನಿನ್ನ ಯಾರೇ ಕೇಳಿದ್ದು?” ಎಂದು ಕೂಗಿದೆ. ಪಕ್ಕದ ಮನೆಯ ಕಿಟಕಿ ಪಟಾರನೆ ಮುಚ್ಚಿತು. ಮಗಳು ಅದನ್ನೂ ಬರೆದುಕೊಂಡಳು.

“ಅದನ್ಯಾಕೆ ಬರಿತೀಯೇ?”

“ಕಂಡಿದ್ದು, ಕೇಳಿದ್ದು ಎಲ್ಲ ಬರೀಬೇಕಂತಪ್ಪ, ಮೇಡಂ ಹೇಳಿದಾರೆ.”

ಮೇಡಂ, ಕಾಲೇಜು, ಕಾಗದ ಕಂಡುಹಿಡಿದವನು, ಎಲ್ಲರ ಜನ್ಮ ಜಾಲಾಡಿದೆ.

“ಸ್ವಲ್ಪ ನಿಧಾನಕ್ಕೆ ಬೈಯಪ್ಪ, ಬರ್ಕೊಳ್ಳೋಕಾಗ್ತಿಲ್ಲ.”

ಅಚ್ಚಾಗುವ ಮುನ್ನ ವರದಿ ತೋರಿಸುವಂತಿಲ್ಲವಂತೆ. ಗದರಿಸಿ ತಲೆಬರಹವನ್ನಷ್ಟೇ ಬಾಯಿ ಬಿಡಿಸಿದೆ: ‘ಅಂಗಡೀಲಿ ಶಾಂತಣ್ಣ, ಮನೇಲಿ ಗುಡುಗಣ್ಣ’.

ನೆಟ್ಟಗೆ ಕಾಲೇಜಿಗೆ ನುಗ್ಗಿದೆ. ಸಂಚಿಕೆಯ ಕೋಣೆಯಲ್ಲಿ ಮೇಡಂ ಫೋಟೋಗಳ ಅಂಚು ಕತ್ತರಿಸುತ್ತಿದ್ದರು. ಪಕ್ಕದಲ್ಲಿ ಒಬ್ಬಳು ಹುಡುಗಿ ಕ್ಯಾಮೆರಾ ಒರೆಸುತ್ತಿದ್ದಳು.

“ನಾನು ಕೋಪಿಷ್ಠನಂತೆ! ಯಾರ್ರೀ ಹೇಳಿದ್ದು?” ಎಂದು ಮೇಜು ಗುದ್ದಿದೆ. ಗೋಂದಿನ ಬಾಟಲಿ ಉರುಳಿತು.

ಮೇಡಂ ಗೋಂದು ಒರೆಸುತ್ತಲೇ ಹೇಳಿದರು: “ಆ ವರದಿನ ನಾನೇ ತಡೆದಿಟ್ಟಿದ್ದೆ. ಬರೀ ಮನೆಯವರ ಮಾತು ನಂಬಿ ನಾವು ಅಚ್ಚು ಹಾಕಲ್ಲ. ಹೊರಗಿನವರೂ ಒಬ್ರು ಕಣ್ಣಾರೆ ಕಂಡಿರಬೇಕು. ಹುಡುಗರನ್ನ ಕೇಳಿದ್ರೆ ಎಲ್ಲ ಶಾಂತಣ್ಣ, ಶಾಂತಣ್ಣ ಅಂದ್ರು. ಎರಡನೇ ಸಾಕ್ಷಿನೇ ಸಿಗಲಿಲ್ಲ.”

“ಎಲ್ಲಿಂದ ಸಿಗುತ್ತೆ!” ಎಂದು ಗೆದ್ದವನಂತೆ ಮತ್ತೊಮ್ಮೆ ಗುದ್ದಿದೆ.

ಕ್ಯಾಮೆರಾ ‘ಕ್ಲಿಕ್’ ಎಂದಿತು.

“ಈಗ ಸಿಕ್ತು” ಎಂದರು ಮೇಡಂ.

ಸಂಚಿಕೆ ಬಂತು. ಇಡೀ ಪುಟ ನನ್ನ ಬಾಯಿ. ಹಲ್ಲಿನ ಡಾಕ್ಟರು ಆ ಪುಟ ನೋಡಿಯೇ ಔಷಧಿ ಬರೆದುಕೊಡಬಹುದು. ಮರುದಿನದಿಂದಲೇ ಅಂಗಡಿಯಲ್ಲಿ “ಗುಡುಗಣ್ಣ, ಸ್ವಲ್ಪ ಗಾಳಿ ಹಾಕಿ” ಶುರುವಾಯಿತು.

ಮನೆಯಲ್ಲಿ ನಾನು ಕುಣಿದ ಕುಣಿತಕ್ಕೆ ಮಗಳು, “ಆಯ್ತಪ್ಪ, ಮುಂದಿನ ಸಂಚಿಕೇಲಿ ತಿದ್ದುಪಡಿ ಹಾಕ್ತೀನಿ” ಎಂದು ಮಾತು ಕೊಟ್ಟಳು. ಮುಂದಿನ ಸಂಚಿಕೆ ಎಂದರೆ ಮುಂದಿನ ವರ್ಷ! ಅಷ್ಟರಲ್ಲಿ ಮಹಾರಾಯ್ತಿ ಪಾಸಾಗಿ ಕಾಲೇಜು ಬಿಟ್ಟಾಗಿತ್ತು. ಟೈರು ಬಿಚ್ಚಿಸಲು ಬಂದ ಹೊಸ ವರದಿಗಾರನನ್ನು ಹಿಡಿದು ಕೇಳಿದೆ.

“ಹಾಕೋಣ ಗುಡುಗಣ್ಣ. ನೀವು ಶಾಂತ ಅನ್ನೋಕೆ ಮನೇದೊಂದು ಸಾಕ್ಷಿ ಕೊಡಿಸಿ.”

ಜೀವಮಾನದಲ್ಲೇ ಮೊದಲ ಸಲ ಹೆಂಡತಿಯ ಮುಂದೆ ದನಿ ತಗ್ಗಿಸಿ ಬೇಡಿಕೊಂಡೆ.

“ಹೇಳೋಣ ಬಿಡಿ” ಎಂದಳು. “ಕಂಡ ದಿನ ಹೇಳ್ತೀನಿ.”

ಆ ತಿದ್ದುಪಡಿ ಇವತ್ತಿಗೂ ಬಾಕಿ.